ಆಚಾರ್ರು ತೆರೆದ ಕಣ್ಣು

"ಮಗೀನ ಕಣ್ಣು ತೆರೆಯೋದನ್ನೇ ಮರ್ತ್ಬುಟ್ಟಿದ್ರಿ ಕಣವ್ವ, ನಾನೇ ತೆರೆದ್ಬುಟ್ಟೆ" ಎನ್ನುತ್ತಾ ಕಿರಂಗೂರಿನ ಮರಗೆಲಸದ ಆಚಾರ್ರು ನನ್ನ ಹಲಗೆಯನ್ನು ಮುಂದಿಟ್ಟರು.

ಯುದ್ಧದಲ್ಲಿ ಸತ್ತ ಮಗುವನ್ನು ಎತ್ತಿಕೊಂಡು ನಿಂತ ತಾಯಿಯನ್ನು ಆ ಹಲಗೆಯಲ್ಲಿ ಕೆತ್ತಿದ್ದೆ. ಹೀಗೆ ಕೆತ್ತಿದ ಮರಕ್ಕೆ ಮಸಿ ಬಳಿದು ಕಾಗದದ ಮೇಲೆ ಚಿತ್ರ ಅಚ್ಚು ಹಾಕುತ್ತೇನೆ; ಕೆತ್ತಿ ತೆಗೆದ ಕಡೆ ಬಿಳಿಯಾಗಿ ಉಳಿಯುತ್ತದೆ. ಅಂಚು ಹೆರೆದು ಕೊಡಿ ಎಂದಷ್ಟೇ ಅವರಿಗೆ ಹೇಳಿದ್ದೆ. ಆದರೆ ಅವರದು ದೇವರ ವಿಗ್ರಹ ಕೆತ್ತಿ, ಕೊನೆಗೆ ಕಣ್ಣು ತೆರೆಯುವ ಮನೆತನ.

"ಅದು ಸತ್ತೋಗಿರೋ ಮಗು, ಆಚಾರ್ರೆ" ಎಂದೆ.

ಅವರು ಮಗುವಿನ ಕೆನ್ನೆಯ ಮೇಲೆ ಉಳಿದಿದ್ದ ಮರದ ಪುಡಿಯನ್ನು ಹೆಬ್ಬೆರಳಿನಿಂದ ಮೆಲ್ಲಗೆ ಒರೆಸಿದರು.

ಕೆತ್ತಿದ ಮರ ಮತ್ತೆ ಕೂಡುವುದಿಲ್ಲ. ಮನೆಗೆ ಬಂದು ಮಸಿ ಬಳಿದೆ, ಕಾಗದ ಹೊದಿಸಿ ಸೌಟಿನ ಬೆನ್ನಿನಿಂದ ಉಜ್ಜಿದೆ. ಕಾಗದ ಎತ್ತಿದಾಗ, ಹೊಳೆಯ ತಳದಿಂದ ತೇಲಿ ಬಂದಂತೆ, ಕಪ್ಪಿನೊಳಗಿಂದ ಎರಡು ಬಿಳಿ ಕಣ್ಣುಗಳು ನನ್ನನ್ನೇ ನೋಡಿದವು.

ಬೇರೆ ಹಲಗೆ ಕೆತ್ತಲಿಲ್ಲ. ಚಿತ್ರ ಈಗ ಗೋಡೆಯ ಮೇಲಿದೆ. ಫೋನಿನಲ್ಲಿ ಯುದ್ಧದ ಸುದ್ದಿ ಬಂದಾಗ ಬೆರಳಿನಿಂದ ಸರಿಸಿ ಮುಂದೆ ಹೋಗುತ್ತಿದ್ದವಳು ನಾನು. ಆ ಮಗುವಿನ ಎದುರು ಅದು ನನ್ನ ಕೈಲಾಗುತ್ತಿಲ್ಲ.