ಮೊದಲ ಕಸಾ ಹೊಡೀತೀನಿ

ಇಂಟರ್‌ನೆಟ್ ಇನ್ನೂ ಹೊಸದಾಗಿದ್ದ ಕಾಲದಲ್ಲಿ ಸೇಡಂ ಬಸ್ ನಿಲ್ದಾಣದ ಎದುರು ಇಂಟರ್‌ನೆಟ್ ಅಂಗಡಿ ನಡೆಸುತ್ತಿದ್ದ ಅಕ್ಕನಿಗೆ ಊರ ಕಾರ್ಖಾನೆಗಳ ಸಿಮೆಂಟ್ ಧೂಳಿನ ಮೇಲೆ ಎಷ್ಟು ಸಿಟ್ಟೋ, ಬ್ರೌಸರಿನೊಳಗೆ ಉಳಿದು ಹೊಸದರ ಬದಲು ತಾವೇ ಕಾಣಿಸಿಕೊಳ್ಳುವ ಹಳೇ ಪುಟಗಳ ಮೇಲೂ ಅಷ್ಟೇ ಸಿಟ್ಟು. ನಾವು ಚಪ್ಪಲಿ ಹೊರಗೇ ಬಿಡಬೇಕು. ಯಾವ ಪುಟ ತೆರೆಯದಿದ್ದರೂ ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡು ಬಂದು, "ತಡೀರಿ, ಮೊದಲ ಕಸಾ ಹೊಡೀತೀನಿ" ಎಂದು ಸೆಟ್ಟಿಂಗ್ಸಿಗೆ ಹೋಗಿ ಹಳೆಯದನ್ನೆಲ್ಲ ಅಳಿಸಿಬಿಡುತ್ತಿದ್ದರು.

ಪಿಯುಸಿ ಫಲಿತಾಂಶದ ದಿನ ಅಂಗಡಿ ತುಂಬಿತ್ತು. ನನ್ನ ನಂಬರಿಗೆ 'ಫಲಿತಾಂಶ ಇನ್ನೂ ಬಂದಿಲ್ಲ' ಎಂಬ ಪುಟವೇ ಮತ್ತೆ ಮತ್ತೆ ಬರುತ್ತಿತ್ತು. ಅಕ್ಕ ಕಸ ಹೊಡೆದರು, ನಾನು ಪಾಸಾಗಿದ್ದೆ. ಹೀಗೆ ಎಲ್ಲರದೂ ನೋಡಿಕೊಟ್ಟು, ಕೊನೆಗೆ ತಮ್ಮ ಮೇಜಿನ ಕಂಪ್ಯೂಟರಿನಲ್ಲಿ ಸದ್ದಿಲ್ಲದೆ ಒಂದು ನಂಬರು ಒತ್ತಿದರು.

"ಯಾರದ್ರಿ ಅಕ್ಕಾರ?" ಎಂದೆ.

"ನಂದೇ. ಮಗಳ ಸಂಗಟ ನಾನೂ ಬರ್ದೀನಿ. ಯಾರೂ ನಗಬ್ಯಾಡ್ರಿ."

ಪರದೆಯ ಮೇಲೆ 'ಇನ್ನೂ ಬಂದಿಲ್ಲ' ಎಂದಿತ್ತು. ಬೆಳಿಗ್ಗೆ ಬಾಗಿಲು ತೆರೆದೊಡನೆ ಅವರು ಒಬ್ಬರೇ ನೋಡಿದ್ದ ಪುಟವೇ ಅದು. "ನನ್ನ ನಂಬರೇ ಬಿಟ್ಟಾರ ನೋಡ್ರಿ" ಎಂದು ಅಕ್ಕ ಕೈಚೆಲ್ಲಿ ಕೂತರು.

ಅಂಗಡಿಗೆ ಅಂಗಡಿಯೇ ಕೂಗಿತು: "ಅಕ್ಕಾರ, ಮೊದಲ ಕಸಾ ಹೊಡೀರಿ!"

ಅಕ್ಕ ಹಣೆ ಬಡಿದುಕೊಂಡು ನಗುತ್ತಲೇ ಕಸ ಹೊಡೆದರು. ಮರುಕ್ಷಣ ಎದ್ದ ನಮ್ಮ ಕೂಗಿಗೆ, ಹೊರಟಿದ್ದ ಚಿಂಚೋಳಿ ಬಸ್ಸು ನಿಂತು, ಏನಾಯಿತೋ ಎಂದು ಕಂಡಕ್ಟರ್ ಓಡಿ ಬಂದ. ಅಕ್ಕ ಕಣ್ಣೊರೆಸಿಕೊಳ್ಳುತ್ತ ಅವನನ್ನು ಬಾಗಿಲಲ್ಲೇ ತಡೆದರು.

"ಪಾಸಾಗೀನ್ರಿ. ಚಪ್ಪಲ್ ಹೊರಗ ಬಿಡ್ರಿ."