ಪರೀಕ್ಷೆಗೆ ಎರಡು ಸಲ ಹಾಡಿದ ಬಸ್ಸಿನ ಹಾಡು

ಎಪ್ಪತ್ತರ ದಶಕ ಮುಗಿಯುತ್ತಿದ್ದ ಹೊತ್ತಿಗೆ ನಾನು ಪುಣೆಯಲ್ಲಿ ಸಂಗೀತದ ಎಂ.ಎ. ಓದುತ್ತಿದ್ದೆ. ಅಪ್ಪ ಮಾರ್ಕೆಟ್ ಯಾರ್ಡಿನಲ್ಲಿ ಈರುಳ್ಳಿ ವ್ಯಾಪಾರಿಯೊಬ್ಬರ ಹತ್ತಿರ ಗುಮಾಸ್ತ. ಹಾಡು ಕಲಿತ ಹುಡುಗಿಗೆ ಶಾಲೆಯಲ್ಲಿ ನೌಕರಿ ಸಿಗುತ್ತದೆ ಎಂದು ಯಾರೋ ಹೇಳಿದ್ದನ್ನು ನಂಬಿ ನನ್ನನ್ನು ಓದಲು ಬಿಟ್ಟಿದ್ದ.

ಮೊದಲ ವರ್ಷ ಪೂರ್ತಿ ಹಿಂದಿನವರು ಕಟ್ಟಿದ್ದನ್ನು ಹಾಡುವುದರಲ್ಲೇ ಹೋಯಿತು. ಎರಡನೇ ವರ್ಷ ಹೊಸದೊಂದು ಪೇಪರ್ ಬಂತು: ಇಂದಿನ ಕಾಲದ ಹಾಡೊಂದನ್ನು ನಾವೇ ಬರೆದು, ನಾವೇ ಧಾಟಿ ಕೂಡಿಸಿ, ಪರೀಕ್ಷಕರ ಮುಂದೆ ಹಾಡಬೇಕು. ಅದನ್ನು ಕಲಿಸಿದ ಪ್ರಾಧ್ಯಾಪಕರು ಒಳ್ಳೆಯ ಗಾಯಕರು, ಅದನ್ನು ಇಲ್ಲವೆನ್ನಲಾರೆ. ಸ್ವರ ಎಳೆಯುವ ಕಡೆ ಬಾಯಿ ತೆರೆಯುವ ಅಕ್ಷರ ಇಡಿ, ಉಸಿರು ತೆಗೆದುಕೊಳ್ಳುವ ಕಡೆ ಪದ ಒಡೆಯಬೇಡಿ ಎಂದು ಅವರು ಹೇಳಿಕೊಟ್ಟದ್ದು ನನಗೆ ಇಂದಿಗೂ ಬೇಕಾಗುತ್ತದೆ. ಆದರೆ ಇಂದಿನ ಕಾಲ ಎಂದರೆ ಅವರಿಗೆ ಚಂದ್ರ, ಮಳೆ, ವಿರಹ. ತರಗತಿಯವರೆಲ್ಲ ಅದನ್ನೇ ಬರೆಯತೊಡಗಿದರು. ನಾನೂ ಮರಾಠಿಯಲ್ಲಿ ಒಂದು ಚಂದ್ರನನ್ನು ಅರ್ಧ ಬರೆದಿದ್ದೆ.

ಆ ದಿನಗಳಲ್ಲೇ ಒಂದು ಬೆಳಿಗ್ಗೆ ಅಪ್ಪ ಮತ್ತು ನಾನು ಒಂದೇ ಸಿಟಿ ಬಸ್ಸಿನಲ್ಲಿದ್ದೆವು. "ಅಪ್ಪಾ, ಇವತ್ತ ನಾ ಬರೂದು ತಡಾ ಆಗ್ತದ" ಎಂದೆ, ನಮ್ಮ ಮನೆಮಾತು ಕನ್ನಡದಲ್ಲಿ. ಮುಂದಿನ ಸೀಟಿನವನು ಹೊರಳಿ ನೋಡಿದ. ಅಪ್ಪ ಕಿಟಕಿಯ ಕಡೆ ಮುಖ ಮಾಡಿ, "ಹಳೂ ಬೋಲ" ಎಂದ. ಮೆಲ್ಲಗೆ ಮಾತಾಡು ಎಂದು, ಹೆತ್ತ ಮಗಳಿಗೆ, ಮರಾಠಿಯಲ್ಲಿ. ನಾನು ಅಷ್ಟೇನೂ ಜೋರಾಗಿ ಮಾತಾಡಿರಲಿಲ್ಲ.

ಮುಂದಿನ ಸ್ಟಾಪಿನಲ್ಲಿ ಕಟ್ಟಡದ ಕೆಲಸಕ್ಕೆ ಹೊರಟ ಹೆಂಗಸರ ಗುಂಪು ಹತ್ತಿತು. ಗುಲ್ಬರ್ಗಾ ಕಡೆಯವರು. ಸೊಂಟದಲ್ಲಿ ಕೂಸು, ಕೈಯಲ್ಲಿ ಬುಟ್ಟಿ. ಕಂಡಕ್ಟರ್ ಬೈಯುತ್ತಿದ್ದ, ಜನ ಮೂಗು ಮುರಿಯುತ್ತಿದ್ದರು. ಅವರಲ್ಲೊಬ್ಬಳು ಯಾವ ಮುಲಾಜೂ ಇಲ್ಲದೆ ಕೂಗಿದಳು: "ಏ ಅಣ್ಣಾರ, ತುಸು ಅತ್ತಾಗ ಸರೀರಿ. ನಮಗೂ ನಿಂದ್ರಾಕ ಜಾಗಾ ಬೇಕ್ರಿ!" ಅರ್ಥವಾಗದಿದ್ದರೂ ಜನ ಸರಿದರು. ಅಪ್ಪ ಮಾತ್ರ ತಲೆ ಎತ್ತಲಿಲ್ಲ.

ತರಗತಿ ಮುಟ್ಟುವ ಹೊತ್ತಿಗೆ ಆ ಮಾತು ನನ್ನೊಳಗೆ ಎಂಟು ಮಾತ್ರೆಯ ತಾಳದಲ್ಲಿ ಕುಣಿಯುತ್ತಿತ್ತು. ಚಂದ್ರನನ್ನು ಹರಿದು ಎಸೆದೆ. "ತುಸು ಸರೀರಿ, ಅತ್ತಾಗ ಸರೀರಿ, ನನಗೂ ನಿಂದ್ರಾಕ ಜಾಗಾ ಬೇಕ್ರಿ" ಎಂಬುದು ಪಲ್ಲವಿಯಾಯಿತು. 'ಬೇಕ್ರಿ'ಯ ಕೊನೆಯ 'ರಿ' ಸರಿಯಾಗಿ ತಾಳದ ಮೊದಲ ಪೆಟ್ಟಿನ ಮೇಲೆ ಬೀಳುತ್ತಿತ್ತು. ಮರ್ಯಾದೆಯೂ ಹಟವೂ ಒಂದೇ ಅಕ್ಷರದಲ್ಲಿ.

ಪ್ರಾಧ್ಯಾಪಕರಿಗೆ ಹಾಡಿ ತೋರಿಸಿದೆ. ಅವರು ಕಣ್ಣು ಮುಚ್ಚಿಕೊಂಡೇ ಕೇಳಿದರು. ಆಮೇಲೆ ಮರಾಠಿಯಲ್ಲಿ, "ಧಾಟಿ ಚೆನ್ನಾಗಿದೆ. ಆದರೆ ಬಸ್ಸಿನ ನೂಕುನುಗ್ಗಲು ಹಾಡಾಗುತ್ತದೆಯೇ? ಅದೂ ಯಾರಿಗೂ ತಿಳಿಯದ ಭಾಷೆಯಲ್ಲಿ? ಮರಾಠಿಗೆ ತಿರುಗಿಸಿಕೊಂಡು ಬಾ" ಎಂದರು.

ತಿರುಗಿಸಲು ಕೂತೆ, ಸುಳ್ಳೇಕೆ. ಅರ್ಥ ಬಂತು, ಪೆಟ್ಟು ಬರಲಿಲ್ಲ. 'ರಿ' ಹೋದ ಮೇಲೆ ಅದು ಬೇಡಿಕೊಳ್ಳುವ ಹಾಡಾಗಿತ್ತು. ಮರುದಿನ ಹೋಗಿ, "ಸರ್, ನಿಯಮದಲ್ಲಿ ಸ್ವಂತ ಹಾಡು ಎಂದಿದೆ, ಭಾಷೆ ಯಾವುದೆಂದು ಹೇಳಿಲ್ಲ. ನಾನು ಇದನ್ನೇ ಹಾಡುತ್ತೇನೆ" ಎಂದೆ.

"ಫೇಲಾದರೆ?"

"ಆಗಲಿ."

ತಬಲಾ ನುಡಿಸಲು ನನ್ನ ತರಗತಿಯ ಮರಾಠಿ ಗೆಳತಿಯೊಬ್ಬಳು ಒಪ್ಪಿದಳು. ಹೆಣ್ಣುಮಗಳಿಗೆ ಯಾಕೆ ತಬಲಾ ಎಂದು ಕೇಳಿಸಿಕೊಂಡು ಕೇಳಿಸಿಕೊಂಡು ಅವಳ ಚರ್ಮ ದಪ್ಪವಾಗಿತ್ತು. "ಅರ್ಥ ಆಮೇಲೆ ಹೇಳು. ಎಲ್ಲಿ ಜೋರಾಗಿ ಹೊಡೆಯಬೇಕು, ಅದನ್ನು ಹೇಳು" ಎಂದಳು.

ಹೊರಗಿನಿಂದ ಬಂದ ಪರೀಕ್ಷಕರು ಹಾಡಿನ ನಡುವೆಯೇ ಕೈ ಎತ್ತಿ ನಿಲ್ಲಿಸಿದರು. ತಮಗೆ ತಿಳಿಯದ್ದಕ್ಕೆ ಅಂಕ ಕೊಡಲಾಗದು ಎಂದರು. ನಾನು ಫೇಲಾದೆ.

ಮನೆಯಲ್ಲಿ ಅವ್ವ ಊಟಕ್ಕೆ ಬಡಿಸಿದಳು. ಅಪ್ಪ ತಟ್ಟೆಯ ಮುಂದೆ ಕೂತು ಕೇಳಿದ. "ಊಟಾ ಕೊಟ್ಟ ಊರಿನ್ಯಾಗ ಅವರ ಮಾತ ಆಡಿದ್ರ ನಿನ್ನ ಗಂಟೇನ ಹೋಗ್ತದ?"

"ಆಡತೀನಲ್ಲ ಅಪ್ಪಾ, ದಿನಾ ಆಡತೀನಿ. ಹಾಡು ಮಾತ್ರ ನಂದು."

"ಬರೋ ವರ್ಷ ಏನ ಹಾಡ್ತಿ?"

"ಇದನ್ನ."

ಅಪ್ಪ ತಟ್ಟೆ ಬಿಟ್ಟು ಎದ್ದ. ಆ ವರ್ಷವೆಲ್ಲ ನಮ್ಮ ಮಧ್ಯೆ ಮಾತು ಕಡಿಮೆ. ಒಂದು ಚಂದ್ರ ಬರೆದುಕೊಟ್ಟರೆ ಎಲ್ಲ ಮುಗಿಯುತ್ತಿತ್ತು. ನಾನು ಬರೆದದ್ದು ಎರಡನೇ ಚರಣ. ಕೂಸಿಗೆ ಹಾಲೂಡಿಸುತ್ತ ಬಸ್ಸಿನ ಕಂಬ ಹಿಡಿದು ನಿಂತವಳ ಬಗ್ಗೆ, ಮೊದಲನೆಯದಕ್ಕಿಂತ ಖಾರವಾಗಿ.

ಮುಂದಿನ ವರ್ಷ ಪರೀಕ್ಷೆಗೆ ಬೇರೆ ಪರೀಕ್ಷಕರು, ವಯಸ್ಸಾದ ಹೆಣ್ಣುಮಗಳು. ಅವರೂ ಅರ್ಥ ಕೇಳಿದರು. "ಮೊದಲು ಕೇಳಿ, ಆಮೇಲೆ ಹೇಳುತ್ತೇನೆ" ಎಂದೆ. ಪ್ರಾಧ್ಯಾಪಕರು ಹಣೆ ಒತ್ತಿಕೊಂಡರು. ಗೆಳತಿ ತಬಲಾದ ಮೇಲೆ ಕೈ ಇಟ್ಟಳು. ಹಾಡಲು ಬಾಯಿ ತೆರೆದಾಗ ಸಭಾಂಗಣದ ಕೊನೆಯ ಸಾಲಿನಲ್ಲಿ ಅಪ್ಪ ಕಾಣಿಸಿದ. ಅಂಗಡಿಯ ಹೊತ್ತು ಅದು; ಯಾವ ಸಬೂಬು ಹೇಳಿ ಬಂದಿದ್ದನೋ. ನಾನು ಗಂಟಲು ಇಳಿಸಲಿಲ್ಲ. ಎರಡನೇ ಚರಣವನ್ನು ಅವನತ್ತಲೇ ನೋಡಿ ಹಾಡಿದೆ.

ಮುಗಿದ ಮೇಲೆ ಪರೀಕ್ಷಕರು ಅರ್ಥ ಬಿಟ್ಟು, 'ರಿ' ಎಂದರೇನು, ಅದನ್ನು ಅಲ್ಲೇ ಏಕೆ ಇಟ್ಟೆ ಎಂದು ಕೇಳಿದರು. ಹೇಳಿದೆ. ಅವರು ತೊಡೆಯ ಮೇಲೆ ತಾಳ ಹಾಕಿ ನೋಡಿಕೊಂಡರು. ಪಾಸಾಗಲು ಬೇಕಾದಷ್ಟು ಅಂಕ ಬಂತು, ಅದಕ್ಕಿಂತ ಹೆಚ್ಚಿಲ್ಲ. ಪ್ರಾಧ್ಯಾಪಕರು ಕೊನೆಯವರೆಗೂ ಅದನ್ನು ಹಾಡು ಎನ್ನಲಿಲ್ಲ. ನಾನೂ ಅವರಿಂದ ಅದನ್ನು ಕೇಳಲು ಹೋಗಲಿಲ್ಲ.

ಶಾಲೆಯ ನೌಕರಿ ಸಿಕ್ಕಿತು. ಎಂಬತ್ತರ ದಶಕವಿಡೀ ಹಗಲು ಮಕ್ಕಳಿಗೆ ಪ್ರಾರ್ಥನೆ ಕಲಿಸಿದೆ, ರಜೆಯಲ್ಲಿ ಯೆರವಡಾದ ಕೂಲಿಯವರ ವಸತಿಗಳಲ್ಲಿ ನನ್ನ ಹಾಡುಗಳನ್ನು ಹಾಡಿದೆ. ಗೆಳತಿ ತಬಲಾ ಹೊತ್ತು ಜೊತೆಗೆ ಬರುತ್ತಿದ್ದಳು.

ಆ ಎರಡನೇ ಪರೀಕ್ಷೆಯ ದಿನ ನಾನು ಹಾಡಿ ಹೊರಬಂದಾಗ ಬೇವಿನ ಮರದ ಕೆಳಗೆ ಅಪ್ಪ ಕಾಯುತ್ತಿದ್ದ. ಛಲೋ ಹಾಡಿದಿ ಎನ್ನಲಿಲ್ಲ. ಟೊಪ್ಪಿಗೆ ತೆಗೆದು ಬೆವರು ಒರೆಸಿಕೊಂಡು, "ಎರಡನೇದು ಭಾಳ ಏರಿಸೀದಿ. ಇಷ್ಟ ಸಿಟ್ಟ ಹಾಡಿಗೆ ಬ್ಯಾಡ. ಒಂದ ಸ್ವರಾ ಇಳಿಸು" ಎಂದ.

"ಇಳಿಸಂಗಿಲ್ಲ" ಎಂದೆ.

ಅಪ್ಪ ನನ್ನ ಮುಖ ನೋಡಿದ. "ಹಂಗಾರ ಗಂಟ್ಲಾ ಕಾದುಕೋ" ಎಂದು ಮುಂದೆ ನಡೆದ.