ಭುಜದ ಮೇಲಿನ ಕೈ

ತೊಂಗ್‌ಬಾಯಕ್ಕನ ಗಂಡನಿಗೆ ಫೋಟೊ ಅಂದರೆ ಆಗುತ್ತಿರಲಿಲ್ಲ. ಕ್ಯಾಮೆರಾ ಎತ್ತಿದರೆ ಸಾಕು, ಕಣ್ಣು ಮುಚ್ಚಿಬಿಡುತ್ತಿದ್ದ. ಹಾಗಿದ್ದೂ ಅವರ ಬೀರುವಿನಲ್ಲಿ ಗಂಡ ಹೆಂಡತಿಯ ಫೋಟೊಗಳದ್ದೇ ಒಂದು ದಪ್ಪ ಆಲ್ಬಮ್ ಇದೆ. ಅದರಲ್ಲಿ ಒಂದನ್ನೂ ಅವರು ಆಸೆಪಟ್ಟು ತೆಗೆಸಿಕೊಂಡದ್ದಲ್ಲ, ಎಲ್ಲವೂ ವಲಸೆ ಕಚೇರಿಯವರು ಕೇಳಿದ್ದು.

ಅಕ್ಕ ಬ್ಯಾಂಕಾಕಿನ ಬಟ್ಟೆ ಕಾರ್ಖಾನೆಯಲ್ಲಿ ಇಪ್ಪತ್ತು ವರ್ಷ ಕಾಜಾ ಹೊಲಿದವಳು. ಮೊದಲ ಗಂಡ ಬಿಟ್ಟುಹೋದ ಮೇಲೆ ಊರಿಗೆ ಬಂದು ಬಸ್ ನಿಲ್ದಾಣದಲ್ಲಿ ಕೋಳಿ ಸುಟ್ಟು ಮಾರುತ್ತಿದ್ದಳು. ಅಲ್ಲಿಗೆ ಬಂದವನು ಪ್ರೆಬೆನ್, ಡೆನ್ಮಾರ್ಕಿನ ಫರಂಗಿ, ಅರವತ್ತು ದಾಟಿದ್ದ ಬಡಗಿ. ಮೂರು ದಿನ ಬಂದು ತಿಂದ. ನಾಲ್ಕನೆಯ ದಿನ ಅವಳ ಕೈಯಿಂದ ಬೀಸಣಿಗೆ ಕಸಿದುಕೊಂಡು ತಾನೇ ಕೆಂಡಕ್ಕೆ ಗಾಳಿ ಹಾಕತೊಡಗಿದ. ಅದೇ ವರ್ಷ ತಾಲ್ಲೂಕು ಕಚೇರಿಯಲ್ಲಿ ಮದುವೆಯಾಯಿತು. ಅಂದಿನಿಂದ ಅವನು ಪಕ್ಕದ ಮನೆಯವಳಾದ ನನಗೂ ಭಾವ. ಊರಿನ ಅರ್ಧ ಮನೆಗಳ ಬಾಗಿಲು ಅವನ ಕೈಯಲ್ಲೇ ಸರಿಯಾದದ್ದು.

ಅವನು ಇಲ್ಲಿರಬೇಕಾದರೆ ಪ್ರತಿ ಏಪ್ರಿಲ್‌ನಲ್ಲಿ ಒಂದು ವರ್ಷದ ಅನುಮತಿ ಬರೆಸಬೇಕು. ಅದಕ್ಕೆ ಗಂಡ ಹೆಂಡತಿ ಒಟ್ಟಿಗಿದ್ದಾರೆ ಅನ್ನುವ ಫೋಟೊ ಬೇಕು, ನೆರೆಯವರ ಸಾಕ್ಷಿ ಬೇಕು. ಹದಿನಾಲ್ಕು ವರ್ಷ ನಾನೇ ಸಾಕ್ಷಿ, ನನ್ನದೇ ಪಿಕಪ್. ಕಚೇರಿ ತೊಂಬತ್ತು ಕಿಲೋಮೀಟರ್ ದೂರ. ನಿಯಮದ ಪುಸ್ತಕ ಒಂದೇ ಅಂತೆ. ನಾನಂತೂ ಕುರ್ಚಿಗೊಂದು ನಿಯಮ ನೋಡಿದ್ದೇನೆ. ಒಬ್ಬ ಮನೆ ನಂಬರ್ ಕಾಣಬೇಕು ಅಂದ. ಮರುವರ್ಷ ಇನ್ನೊಬ್ಬ, ಹೊರಗೆ ಯಾರು ಬೇಕಾದರೂ ನಿಲ್ಲುತ್ತಾರೆ, ಮಂಚದ ಮೇಲೆ ಕೂತದ್ದು ತನ್ನಿ ಅಂದ. ಅಕ್ಕನಿಗೆ ನಾಚಿಕೆಯಿಂದ ಸತ್ತ ಹಾಗಾಯಿತು. ಅದರ ಮುಂದಿನ ವರ್ಷ ಮಂಚದ ಫೋಟೊ ಕೊಟ್ಟರೆ ಕೌಂಟರಿನ ಹೆಂಗಸು, "ಥೂ, ಇಂಥಾದ್ದೆಲ್ಲ ಯಾರು ಕೇಳಿದ್ರು ನಿಮ್ಮನ್ನ?" ಅಂತ ವಾಪಸ್ ತಳ್ಳಿದಳು. ದೇವರು ಕೊಟ್ಟರೂ ಪೂಜಾರಿ ಕೊಡ.

ಆಮೇಲೆ ಬಂದವನು ಕ್ರಿತ್ಸದಾ. ಇಸ್ತ್ರಿ ಮುರಿಯದ ಸಮವಸ್ತ್ರದ ಹುಡುಗ. ಫೋಟೊ ನೋಡಿ ಹುಬ್ಬು ಗಂಟಿಕ್ಕಿದ.

"ಇವ್ರು ಗಂಡ ಹೆಂಡ್ತಿ ಥರಾನಾ ಕಾಣ್ತಾರೆ? ಅಂಗಡಿ ಮುಂದೆ ಗಿರಾಕಿ ನಿಂತಂಗಿದೆ. ಭುಜದ ಮೇಲೆ ಕೈ ಹಾಕಮ್ಮ."

"ನಮ್ಮೂರಲ್ಲಿ ನಾಲ್ಕು ಜನರ ಮುಂದೆ ಹಂಗೆಲ್ಲ ಮಾಡಲ್ಲ ಸಾರ್," ಅಂದಳು ಅಕ್ಕ.

"ಮಾಡ್ದಿದ್ರೆ ಬಿಡಿ. ಅನುಮತೀನೂ ಬೇಡ."

ತೊಂಬತ್ತು ಕಿಲೋಮೀಟರ್ ವಾಪಸ್ ಬಂದು, ಭುಜದ ಮೇಲೆ ಕೈ ಇಟ್ಟು ತೆಗೆಸಿದೆವು. ಭಾವ ಎಂದಿನಂತೆ ಕಣ್ಣು ಮುಚ್ಚಿದ್ದ.

ಈ ವರ್ಷ ಫೆಬ್ರವರಿಯಲ್ಲಿ ಅವನಿಗೆ ಲಕ್ವ ಹೊಡೆಯಿತು. ಬಲಗಡೆ ಪೂರ್ತಿ ಹೋಯಿತು, ಮಾತೂ ತೊದಲಾಯಿತು. ಡೆನ್ಮಾರ್ಕಿನಲ್ಲಿ ಅವನಿಗೆ ತನ್ನವರು ಅಂತ ಒಬ್ಬರೂ ಇಲ್ಲ. ಏಪ್ರಿಲ್ ಹತ್ತಿರವಾದಂತೆ ಅವನಿಗೆ ಒಂದೇ ಭಯ. ಎಡಗೈಯಿಂದ ಅಕ್ಕನ ಅಂಗಿಯ ತುದಿ ಹಿಡಿದು ಹೇಳಿದ್ದನ್ನೇ ಹೇಳುತ್ತಿದ್ದ: "ವಿಮಾನ ಬೇಡ. ಮನೆ. ಇಲ್ಲೇ."

"ಇಲ್ಲೇ ಕಣೋ. ಈ ಮಂಚದ ಮೇಲೇನೇ. ನಾನು ಮಾತು ಕೊಟ್ಟಿದೀನಿ," ಅನ್ನುತ್ತಿದ್ದಳು ಅವಳು.

ಡಾಕ್ಟರ ಪತ್ರ ಹಿಡಿದು ನಾನೂ ಅಕ್ಕನೂ ಕಚೇರಿಗೆ ಹೋದೆವು. ಹೋದ ವರ್ಷ ಪಕ್ಕದೂರಿನ ಹಾಸಿಗೆ ಹಿಡಿದ ಫರಂಗಿಯ ಮನೆಗೆ ಇದೇ ಕಚೇರಿಯವರು ಹೋಗಿ ಸಹಿ ಹಾಕಿಸಿಕೊಂಡು ಬಂದಿದ್ದರು. ಅಕ್ಕ ಅದನ್ನೇ ಹೇಳಿದಳು.

"ಅವ್ರು ಬಂದಿದ್ರು. ನಾನು ಬರಲ್ಲ," ಅಂದ ಕ್ರಿತ್ಸದಾ. "ಮನೆಗೆ ಬರೋ ನಿಯಮ ಇಲ್ಲ. ಕರ್ಕೊಂಡು ಬನ್ನಿ."

"ಎದ್ದು ಕೂರೋಕೂ ಆಗಲ್ಲ ಸಾರ್."

"ನಿಮ್ಮ ಪಿಕಪ್ ಇದೆಯಲ್ಲ."

ಆ ಕ್ಷಣ ಅವನ ಕೆನ್ನೆಗೆ ಬಾರಿಸಬೇಕು ಅನ್ನಿಸಿತು. ಬಾರಿಸದೆ ಕೈಮುಗಿದು ಬಂದೆ. ಈಗಲೂ ನನಗೆ ಸಿಟ್ಟು ಬರುವುದು ಆ ಕೈಮುಗಿದದ್ದಕ್ಕೆ.

ಪಿಕಪ್‌ನಲ್ಲಿ ಹಾಸಿಗೆ ಹಾಸಿ, ಮೇಲೆ ಟಾರ್ಪಾಲು ಕಟ್ಟಿ ಕರೆದೊಯ್ದೆವು. ಏಪ್ರಿಲ್ ಬಿಸಿಲಿಗೆ ಕಬ್ಬಿಣ ಮುಟ್ಟುವ ಹಾಗಿರಲಿಲ್ಲ. ಕ್ರಿತ್ಸದಾ ಹೊರಗೆ ಬಂದು ಭಾವನ ಮುಖ ನೋಡಿದ, ಪಾಸ್‌ಪೋರ್ಟ್ ನೋಡಿದ, ಆಮೇಲೆ ಫೋಟೊ ನೋಡಿದ.

"ಇದ್ರಲ್ಲಿ ಮಲಗಿದಾರೆ. ಮನೆ ಮುಂದೆ ಕೂತಿರ್ಬೇಕು, ಇವ್ರ ಕೈ ಭುಜದ ಮೇಲಿರ್ಬೇಕು. ನಾಳೆ ಬನ್ನಿ."

ಮರುದಿನ ಬೆಳಿಗ್ಗೆ ಭಾವನನ್ನು ಕುರ್ಚಿಯಲ್ಲಿ ಕೂರಿಸಿ, ಬೀಳದಂತೆ ಸೊಂಟಕ್ಕೆ ಟವೆಲ್ ಕಟ್ಟಿದೆವು. ಅಕ್ಕ ಪಕ್ಕದಲ್ಲಿ ನಿಂತು ಭುಜ ಹಿಡಿದಳು. ಇಡುವುದೆಲ್ಲಿ ಬಂತು, ಬಿಟ್ಟರೆ ವಾಲುತ್ತಿದ್ದ. ಫೋಟೊ ತೆಗೆದವಳು ನಾನೇ. ನಾನು ಕಂಡಂತೆ ಮೊದಲ ಸಲ ಭಾವ ಕಣ್ಣು ತೆರೆದು ಕ್ಯಾಮೆರಾವನ್ನು ನೇರವಾಗಿ ನೋಡಿದ. ಅವನನ್ನು ಮತ್ತೆ ಪಿಕಪ್‌ನಲ್ಲಿ ಮಲಗಿಸಿಕೊಂಡು ತೊಂಬತ್ತು ಕಿಲೋಮೀಟರ್ ಹೋದೆವು. ಈ ಸಲ ಅರ್ಜಿ ತೆಗೆದುಕೊಂಡು ಮೂವತ್ತು ದಿನದ ತಾತ್ಕಾಲಿಕ ಅನುಮತಿಯ ಮುದ್ರೆ ಒತ್ತಿದರು.

"ಅಷ್ಟರೊಳಗೆ ಮನೆಗೆ ಬಂದು ಪರೀಕ್ಷೆ ಮಾಡ್ತೀವಿ. ಇಬ್ಬರೂ ಮನೇಲಿರ್ಬೇಕು," ಅಂದ ಕ್ರಿತ್ಸದಾ.

"ಮನೆಗೆ ಬರೋ ನಿಯಮ ಇಲ್ಲ ಅಂದ್ರಲ್ಲ ಸಾರ್?" ಅಂದೆ.

"ಅದು ಬೇರೆ, ಇದು ಬೇರೆ."

ಅಕ್ಕ ಮಾತ್ರ ಮುದ್ರೆಯ ಪುಟವನ್ನು ಭಾವನ ಕಣ್ಣ ಮುಂದೆ ಹಿಡಿದು, "ನೋಡು, ವಿಮಾನ ಇಲ್ಲ," ಅಂದಳು. ಅವನ ಬಾಯಿಯ ಎಡಗಡೆ ನಕ್ಕಿತು. ವಾಪಸ್ ಹೊರಟಾಗ ಅಕ್ಕ ಒದ್ದೆ ಬಟ್ಟೆ ಹಿಡಿದು ಹಿಂದೆ ಅವನ ಜೊತೆಯೇ ಕೂತಳು. ಅರ್ಧ ದಾರಿ ದಾಟಿರಬೇಕು, ಹಿಂದಿನ ಗಾಜು ತಟ್ಟಿದಳು.

"ಪ್ರಾನಿ, ನಿಧಾನಕ್ಕೆ ಹೋಗು. ಇನ್ನು ಅವಸರ ಇಲ್ಲ."

ಗಾಡಿ ನಿಲ್ಲಿಸಿ ಹತ್ತಿ ನೋಡಿದೆ. ಭಾವನ ಹಣೆಯ ಬೆವರು ಕೂಡ ಆರಿರಲಿಲ್ಲ.

ನಮ್ಮೂರಲ್ಲಿ ಹೊರಗೆ ಸತ್ತವರ ಹೆಣವನ್ನು ಮನೆಯೊಳಗೆ ತರುವ ಹಾಗಿಲ್ಲ. ಸುದ್ದಿ ಫೋನಿನಲ್ಲೇ ಮುಟ್ಟಿತ್ತು, ಹಿರಿಯರು ಊರ ಬಾಗಿಲಲ್ಲೇ ಕಾದಿದ್ದರು. ಅಕ್ಕ ಗಾಡಿಯಿಂದ ಇಳಿಯಲೇ ಇಲ್ಲ. "ಒಂದೇ ಒಂದು ಗಳಿಗೆ ಆ ಮಂಚದ ಮೇಲೆ ಮಲಗಿಸ್ತೀನಿ. ನಾನು ಮಾತು ಕೊಟ್ಟಿದ್ದೆ," ಅಂತ ಬೇಡಿಕೊಂಡಳು. ಹಿರಿಯರೂ ಅಳುತ್ತಿದ್ದರು, ಆದರೂ ಆಗಲ್ಲ ಅಂದರು. ನಮ್ಮ ನಿಯಮ ಎಲ್ಲರಿಗೂ ಒಂದೇ, ಹೊರಗೆ ಸತ್ತ ನನ್ನ ಸ್ವಂತ ತಮ್ಮನನ್ನೂ ಒಳಗೆ ಬಿಟ್ಟಿರಲಿಲ್ಲ. ಗಾಡಿ ಭಾವನ ಮನೆಯ ಮುಂದೆಯೇ ಹಾದು ನೇರ ಬೌದ್ಧ ವಿಹಾರಕ್ಕೆ ಹೋಯಿತು.

ಶವಪೆಟ್ಟಿಗೆಯ ಮುಂದೆ ಇಡಲು ಪಟ ಬೇಕು. ಆಲ್ಬಮ್ ಪೂರ್ತಿ ತಿರುವಿದೆವು, ಅವನೊಬ್ಬನೇ ಇರುವ ಫೋಟೊ ಒಂದೂ ಇಲ್ಲ, ಪಾಸ್‌ಪೋರ್ಟಿನದು ದೊಡ್ಡದು ಮಾಡಿದರೆ ಮಸುಕಾಗುತ್ತಿತ್ತು. ಬದುಕಿರುವವರ ಪಟ ಹೆಣದ ಮುಂದೆ ಇಟ್ಟರೆ ಅವರೂ ಹಿಂದೆಯೇ ಹೋಗುತ್ತಾರೆ ಅನ್ನುತ್ತಾರೆ. ಹಾಗಾಗಿ ಕೊನೆಯ ಫೋಟೊವನ್ನೇ ಸ್ಟುಡಿಯೊಗೆ ಒಯ್ದೆ. ಸ್ಟುಡಿಯೊದವನು ಕಂಪ್ಯೂಟರಿನಲ್ಲಿ ಅಕ್ಕನನ್ನು ಅಳಿಸಿದ. ಭುಜದ ಮೇಲಿನ ಕೈ ಮಾತ್ರ ಉಳಿಯಿತು. ಅದನ್ನೂ ಅಳಿಸುತ್ತೇನೆ ಅಂದಾಗ ಫೋನಿನಲ್ಲಿ ಅಕ್ಕನನ್ನು ಕೇಳಿದೆ.

"ಇರಲಿ ಬಿಡು," ಅಂದಳು. "ತೆಗೆದ್ರೆ ಬೀಳ್ತಾನೆ."

ಮೂರನೆಯ ದಿನ ಭಿಕ್ಷುಗಳ ಊಟ ಮುಗಿದಿತ್ತು. ವಿಹಾರದ ಅಂಗಳಕ್ಕೆ ಕಚೇರಿಯ ಜೀಪು ಬಂತು. ಕ್ರಿತ್ಸದಾ ಕಡತ ಹಿಡಿದು ಇಳಿದ. ಪರೀಕ್ಷೆಗೆ ಮನೆಗೆ ಹೋಗಿದ್ದನಂತೆ, ಬೀಗ ನೋಡಿ ಯಾರನ್ನೋ ಕೇಳಿದ್ದಾನೆ. ಅವರು ಇತ್ತ ಕೈ ತೋರಿಸಿದ್ದಾರೆ. ಶೂ ಬಿಚ್ಚಿ ಮೇಲೆ ಬಂದವನು ಪಟದ ಮುಂದೆ ನಿಂತೇಬಿಟ್ಟ. ಊದುಬತ್ತಿ ಹಚ್ಚಲು ಹೋಗಿ ಎರಡು ಬೆಂಕಿಕಡ್ಡಿ ಮುರಿದ.

ಅಕ್ಕ ಎದ್ದು ಅವನ ಪಕ್ಕ ಹೋಗಿ ನಿಂತಳು. ಅವಳ ದನಿಯಲ್ಲಿ ಕೊಂಕಿರಲಿಲ್ಲ, ಕೌಂಟರಿನ ಮುಂದೆ ಕೇಳುತ್ತಿದ್ದ ಹಾಗೆಯೇ ಕೇಳಿದಳು.

"ಕೂತಿದಾರೆ ಸಾರ್. ಕೈ ಭುಜದ ಮೇಲಿದೆ. ಈ ಸಲ ಸರಿಯಾಗಿದೆಯಾ?"

ಅವನು ಕಡತವನ್ನು ಎದೆಗೆ ಒತ್ತಿಕೊಂಡ. "ಸರಿಯಾಗಿದೆ ಅಮ್ಮ," ಅಂದ.

ಹದಿನಾಲ್ಕು ವರ್ಷದಲ್ಲಿ ಆ ಕಚೇರಿಯವರು ಒಂದೇ ಮಾತಿಗೆ ಒಪ್ಪಿದ ಫೋಟೊ ಅದೊಂದೇ.